ಅಪ್ಪನ ಎದೆಯಲ್ಲೂ ಗಂಟಾಗಬಹುದು

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆ ಬಂತೆಂದರೆ ನಮ್ಮ ಊರುಗಳಲ್ಲಿ ಗಂಡಸರು ಅರ್ಧ ದಿನ ಬರಿಮೈಯಲ್ಲೇ ಇರುತ್ತಾರೆ. ಆದರೂ ತಮ್ಮ ಎದೆಯನ್ನು ಸರಿಯಾಗಿ ನೋಡಿಕೊಂಡವರು ಎಷ್ಟು ಮಂದಿ? ಅಲ್ಲಿ ನೋಡೋದಕ್ಕೇನಿದೆ ಅಂತ ಅಲ್ವಾ ನಮ್ಮ ಲೆಕ್ಕ? ಸ್ತನ ಕ್ಯಾನ್ಸರ್ ಹೆಂಗಸರ ಕಾಯಿಲೆ ಅಂತ ನಂಬಿ ಕೂತಿದ್ದೇವೆ. ಈ ನಂಬಿಕೆಯಿಂದಲೇ ಎಷ್ಟೋ ಗಂಡಸರು ಡಾಕ್ಟರ ಹತ್ತಿರ ತಡವಾಗಿ ಹೋಗುತ್ತಾರೆ.

ಮೊಲೆತೊಟ್ಟಿನ ಹಿಂದೆ ಗಂಡಸರಿಗೂ ಹಾಲಿನ ನಾಳಗಳಿವೆ. ಬೆಳೆದಿರುವುದಿಲ್ಲ, ಅಷ್ಟೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಅಪರೂಪ, ನಿಜ. ಸ್ತನ ಕ್ಯಾನ್ಸರ್ ಬಂದ 100 ಜನರಲ್ಲಿ ಗಂಡಸು ಸುಮಾರು ಒಬ್ಬ. ಅರವತ್ತು ದಾಟಿದವರಲ್ಲಿ ಜಾಸ್ತಿ.

ಅಮೆರಿಕದ ಗಾಯಕಿ ಬಿಯಾನ್ಸೆ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ಅವರ ತಂದೆ ಮ್ಯಾಥ್ಯೂ ನೋಲ್ಸ್. 2019ರಲ್ಲಿ ಅವರ ಅಂಗಿಯ ಮೇಲೆ ಸಣ್ಣದೊಂದು ರಕ್ತದ ಚುಕ್ಕೆ ಕಾಣಿಸಿತು. ಬೇರೆ ಅಂಗಿ ಹಾಕಿಕೊಂಡರೂ ಅದೇ ಜಾಗದಲ್ಲಿ ಮತ್ತೆ ಚುಕ್ಕೆ. ಹಾಸಿಗೆಯ ಬಟ್ಟೆಯಲ್ಲೂ ಕಂಡಿದೆ ಎಂದರು ಹೆಂಡತಿ. ನೋಲ್ಸ್ ಸುಮ್ನೆ ಕೂರಲಿಲ್ಲ, ಡಾಕ್ಟರ ಹತ್ತಿರ ಹೋದರು. ಮ್ಯಾಮೊಗ್ರಾಂ ಅಂದರೆ ಸ್ತನದ ಎಕ್ಸ್‌ರೇ, ಬಯಾಪ್ಸಿ ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆ, ಎಲ್ಲ ಆಗಿ ಕ್ಯಾನ್ಸರ್ ಅಂತ ಗೊತ್ತಾಯಿತು. ಇನ್ನೂ ಮೊದಲ ಹಂತದಲ್ಲಿತ್ತು. ಆಪರೇಷನ್ ಆಯಿತು. ಅದೇ ಅಕ್ಟೋಬರ್‌ನಲ್ಲಿ ಟಿವಿಯಲ್ಲಿ ಕೂತು ಇದನ್ನೆಲ್ಲ ನಾಚಿಕೊಳ್ಳದೆ ಹೇಳಿಕೊಂಡರು. ಆ ಧೈರ್ಯ ದೊಡ್ಡದು ಅಂತ ನನಗೆ ಅನಿಸುತ್ತದೆ.

ಹಾಗಾದರೆ ಏನು ನೋಡಬೇಕು? ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಯಲ್ಲೇ ಮೊಲೆತೊಟ್ಟಿನ ಸುತ್ತ ಒತ್ತಿ ನೋಡಿಕೊಳ್ಳಿ. ಚರ್ಮದಡಿ ಹುಣಸೆಬೀಜ ಸಿಕ್ಕಿಕೊಂಡ ಹಾಗೆ ಗಟ್ಟಿಯಾಗಿ ಏನಾದರೂ ಕೈಗೆ ಹತ್ತುತ್ತದೆಯೇ? ತೊಟ್ಟು ಒಳಗೆ ಎಳೆದುಕೊಂಡಿದೆಯೇ? ನೀರು, ರಕ್ತ ಒಸರುತ್ತಿದೆಯೇ? ವಾಸಿಯಾಗದ ಹುಣ್ಣು, ಕಂಕುಳಲ್ಲಿ ಗಂಟು ಇದೆಯೇ? ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಮೋಸ ಹೋಗುವುದೇ ಅಲ್ಲಿ. ನೋವಿಲ್ಲವಲ್ಲ, ಕೊಬ್ಬಿರಬೇಕು ಅಂತ ತಿಂಗಳುಗಟ್ಟಲೆ ಬಿಟ್ಟುಬಿಡುತ್ತೇವೆ.

ಹರೆಯದ ಹುಡುಗರ ತಾಯಂದಿರಿಗೆ ಒಂದು ಮಾತು. ಆ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬುವುದು, ಮುಟ್ಟಿದರೆ ನೋಯುವುದು ತುಂಬಾ ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ. ಹುಡುಗನನ್ನು ಯಾರೂ ರೇಗಿಸದಂತೆ ನೋಡಿಕೊಳ್ಳಿ. ಆದರೆ ವಯಸ್ಸಾದವರಿಗೆ ಒಂದೇ ಕಡೆ ಗಟ್ಟಿ ಗಂಟು ಎದ್ದರೆ ತೋರಿಸಲೇಬೇಕು.

ಈಸ್ಟ್ರೊಜೆನ್ ಹಾರ್ಮೋನು ಗಂಡಸರ ಮೈಯಲ್ಲೂ ಇರುತ್ತದೆ. ಲಿವರ್ ಕೆಟ್ಟರೆ, ಬೊಜ್ಜು ಬೆಳೆದರೆ ಅದು ಏರುತ್ತದೆ, ಅದರ ಜೊತೆಗೆ ಈ ಅಪಾಯವೂ. ಗಂಡಸರ ಸ್ತನ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು 90 ಈ ಹಾರ್ಮೋನಿನ ಬಲದಿಂದಲೇ ಬೆಳೆಯುವಂಥವು. ಹಾಗಾಗಿ ಆಪರೇಷನ್ ಆದ ಮೇಲೆ ಆ ಬಲವನ್ನು ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷ ಕೊಡುತ್ತಾರೆ. ಕೆಲವರಿಗೆ ಕೀಮೋ, ರೇಡಿಯೇಷನ್ ಕೂಡ ಬೇಕಾಗುತ್ತದೆ. ಮೊದಲು ಜಿಲ್ಲಾ ಆಸ್ಪತ್ರೆಯ ಸರ್ಜನ್‌ಗೆ ತೋರಿಸಬಹುದು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದ್ದೇ ಇದೆ.

ಇನ್ನು ವಂಶದ ವಿಷಯ. ನನಗೆ ಹೆಚ್ಚು ಹೇಳಬೇಕೆನಿಸುವುದು ಇದನ್ನೇ. ನೋಲ್ಸ್ ಅವರಲ್ಲಿ ಬಿಆರ್‌ಸಿಎ 2 ಎಂಬ ಜೀನಿನಲ್ಲಿ, ಅಂದರೆ ಹೆತ್ತವರಿಂದ ಮಕ್ಕಳಿಗೆ ಬರುವ ವಂಶವಾಹಿಯಲ್ಲಿ, ದೋಷವಿತ್ತು. ಈ ದೋಷ ಇರುವ 100 ಗಂಡಸರಲ್ಲಿ ಆರೇಳು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯವೂ ಜಾಸ್ತಿ. ಅಪ್ಪನಿಂದ ಇದು ಮಗನಿಗೂ ಬರಬಹುದು, ಮಗಳಿಗೂ ಬರಬಹುದು. ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ. ನಮ್ಮಲ್ಲಿ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಬಂದರೆ ತಾಯಿ ಕಡೆ ಯಾರಿಗಿತ್ತು ಅಂತ ಕೇಳುತ್ತಾರೆ. ಸೋದರತ್ತೆಯ ಸುದ್ದಿ, ಅಪ್ಪನ ತಾಯಿಯ ಸುದ್ದಿ ಯಾರೂ ಎತ್ತುವುದಿಲ್ಲ. ಡಾಕ್ಟರು ಕೇಳದಿದ್ದರೂ ಅದನ್ನು ನೀವಾಗಿಯೇ ಹೇಳಿ.

ಮನೆಯ ಗಂಡಸಿಗೆ ಈ ಕಾಯಿಲೆ ಬಂದರೆ ಜೀನ್ ಪರೀಕ್ಷೆ ಮಾಡಿಸುವ ಬಗ್ಗೆ ಕೇಳಿ. ಸ್ವಲ್ಪ ರಕ್ತ ಕೊಟ್ಟರೆ ಸಾಕು. ದೋಷ ಸಿಕ್ಕರೆ ಮಕ್ಕಳಿಗೂ ಪರೀಕ್ಷೆ ಮಾಡಿಸಬಹುದು. ಅದು ಬಂದಿರುವ ಹೆಣ್ಣುಮಕ್ಕಳಿಗೆ ಎಂಆರ್‌ಐ, ಮ್ಯಾಮೊಗ್ರಾಂಗಳನ್ನು ಬೇರೆಯವರಿಗಿಂತ ಬೇಗ ಶುರು ಮಾಡುತ್ತಾರೆ. ಗಂಡುಮಕ್ಕಳು 35ರಿಂದಲೇ ಎದೆಯನ್ನು ಮುಟ್ಟಿ ನೋಡಿಕೊಳ್ಳಬೇಕು, ವರ್ಷಕ್ಕೊಮ್ಮೆ ಡಾಕ್ಟರಿಗೂ ತೋರಿಸಬೇಕು.

ನಮಸ್ಕಾರ.