ಶಬ್ದ ಥಾಲಮಸ್ ದಾಟಬೇಕು

ಎಲ್ರಿಗೂ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೊ ಹಾಕ್ಕೊಂಡು ಮಗುಗೆ ರಾಗಿ ಸರಿ ತಿನ್ನಿಸ್ತಿರೋ ಅಮ್ಮಂದಿರು, ಪಕ್ಕದಲ್ಲೇ ಕೂತಿರೋ ಅಜ್ಜಿಯರು, ಇವತ್ತು ನಾನು ಮಾತಾಡ್ತಿರೋದು ನಿಮ್ಮ ಹತ್ರಾನೇ. ಶಬ್ದ ಮಿದುಳಿಗೆ ಹೇಗೆ ತಲುಪತ್ತೆ ಅನ್ನೋದು ವಿಷಯ. ಮೊದಲೇ ಹೇಳ್ಬಿಡ್ತೀನಿ, ಕೇಳಿಸ್ಕೊಳ್ಳೋದು ಮಿದುಳು, ಕಿವಿ ಬರೀ ಬಾಗಿಲು. ಬಾಗಿಲಿಂದ ಮಿದುಳಿಗೆ ಹೋಗೋ ದಾರಿ ಹುಟ್ಟುವಾಗ ಪೂರ್ತಿ ರೆಡಿ ಇರಲ್ಲ, ಶಬ್ದ ಓಡಾಡ್ತಾ ಓಡಾಡ್ತಾನೇ ಅದು ಗಟ್ಟಿಯಾಗ್ಬೇಕು. ಅದಕ್ಕೇ ಹುಟ್ಟಿದ ತಿಂಗಳೊಳಗೆ ಮಗು ಕಿವಿ ಟೆಸ್ಟ್ ಮಾಡ್ಸಿ.

ದಾರಿ ಹೇಗಿದೆ ನೋಡಿ. ಒಳಗಿವಿಯಲ್ಲಿ ಸುರುಳಿ ಸುತ್ಕೊಂಡಿರೋ ಕಾಕ್ಲಿಯ ಇದೆ, ಅದ್ರ ಒಳಸಾಲಲ್ಲಿ ಸುಮಾರು 3,500 ಕೂದಲುಕೋಶಗಳು, ಅವು ಗಾಳಿಯಿಂದ ಬಂದ ಅದುರಾಟನ ಕರೆಂಟ್ ಮಾಡ್ತವೆ. ಅಲ್ಲಿಂದ ಸುಮಾರು 30,000 ತಂತುಗಳಿರೋ ನರ ಅದನ್ನ ಮಿದುಳಿನ ಕಾಂಡಕ್ಕೆ ಒಯ್ಯತ್ತೆ, ಅಲ್ಲಿ ಎಡಗಿವಿ ಬಲಗಿವಿ ಎರಡನ್ನೂ ತಾಳೆ ಹಾಕಿ ಶಬ್ದ ಯಾವ ಕಡೆಯಿಂದ ಬಂತು ಅಂತ ಗೊತ್ತಾಗತ್ತೆ, ಆಮೇಲೆ ಮೇಲಕ್ಕೆ ಹತ್ತಿ ಥಾಲಮಸ್, ಮಿದುಳಿನ ನಡುವೆ ಇರೋ ಒಂದು ಜಂಕ್ಷನ್ ಅನ್ಕೊಳ್ಳಿ. ಥಾಲಮಸ್‌ನಲ್ಲಿ ಮೀಡಿಯಲ್ ಜೆನಿಕ್ಯುಲೇಟ್ ಅಂತ ಒಂದು ಪುಟಾಣಿ ಗಂಟಿದೆ, ಅರ್ಧ ಸೆಂಟಿಮೀಟರ್ ಆಸುಪಾಸು. ಕಾರ್ಟೆಕ್ಸ್‌ಗೆ ಅಂದ್ರೆ ಮಿದುಳಿನ ಹೊರಪದರಕ್ಕೆ ಹೋಗೋ ಶಬ್ದ ಇಲ್ಲೇ ಹಾದು ಹೋಗ್ಬೇಕು. ದಪ್ಪ ದನಿ ಒಂದ್ಕಡೆ, ಕೀರಲು ದನಿ ಇನ್ನೊಂದ್ಕಡೆ ಅಂತ ಕಾಕ್ಲಿಯದಲ್ಲಿದ್ದ ಕ್ರಮ ಇಲ್ಲೂ ಹಾಗೇ ಇರತ್ತೆ, ಕಿವಿಗಿಂತ ಸ್ವಲ್ಪ ಮೇಲೆ ಒಳಗಡೆ ಇರೋ ಶ್ರವಣ ಕಾರ್ಟೆಕ್ಸ್‌ನಲ್ಲೂ ಹಾಗೇ ಇರತ್ತೆ. ನನಗಂತೂ ಇದು ಇವತ್ತಿಗೂ ಅದ್ಭುತ ಅನ್ಸತ್ತೆ.

ಒಂದ್ಸಲ ಮಾಗಡಿ ರೋಡ್ ಕಡೆಯಿಂದ ನಮ್ಮ ಆಸ್ಪತ್ರೆಗೆ ಒಂದು ಕುಟುಂಬ ಬಂದಿತ್ತು. ಹುಡುಗನಿಗೆ ಎರಡು ವರ್ಷ ಆಗ್ತಾ ಬಂದಿತ್ತು, ಅಮ್ಮ ಅಂತಾನೂ ಅಂದಿಲ್ಲ. ಅಜ್ಜಿ ಮಾತ್ರ, 'ಇವನಿಗೆ ಚೆನ್ನಾಗೇ ಕೇಳ್ಸತ್ತೆ ಡಾಕ್ಟ್ರೇ, ಬೇಕಾದ್ರೆ ನೋಡಿ' ಅಂತ ಬ್ಯಾಗಿಂದ ಸ್ಟೀಲ್ ತಟ್ಟೆ, ಸೌಟು ತೆಗೆದು ಅವನ ಬೆನ್ನ ಹಿಂದೆ ಬಾರಿಸೇಬಿಟ್ರು. ಹುಡುಗ ತಿರುಗಿದ. ಅಜ್ಜಿ ಮುಖ ಅರಳ್ತು. ನಾನು, 'ಅಜ್ಜಿ, ಈ ಪರದೆ ಹಿಂದೆ ಹೋಗಿ ಬಾರಿಸಿ' ಅಂದೆ. ಬಾರಿಸಿದ್ರು, ಕಾರಿಡಾರ್‌ನಲ್ಲಿದ್ದವರೆಲ್ಲ ಬಾಗಿಲ ಹತ್ರ ಬಂದು ಇಣುಕಿದ್ರು, ಹುಡುಗ ಮಾತ್ರ ನೆಲದ ಮೇಲೆ ಆಟದ ಕಾರು ತಳ್ತಾನೇ ಇದ್ದ. ಮೊದಲು ತಿರುಗಿದ್ದು ಎದುರಿಗೆ ಕೂತಿದ್ದ ಅಮ್ಮನ ಕಣ್ಣು ಆ ಕಡೆ ಹೋಗಿದ್ದನ್ನ ನೋಡಿ. ಮಕ್ಕಳು ಬಹಳ ಚುರುಕು ಕಣ್ರೀ.

'ಇವರ ತಾತನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು' ಅಂದ್ರು ಅಜ್ಜಿ. ಈ ತಾತನ ಕಥೆ ನಾನು ಮನೆ ಮನೆಯವರ ಬಾಯಲ್ಲೂ ಕೇಳಿದೀನಿ, ಕೈ ಮುಗಿದು ಕೇಳ್ತೀನಿ, ತಾತನ ಮೇಲೆ ಭಾರ ಹಾಕಿ ಕೂರಬೇಡಿ. ಮಗು ಮಲಗಿದ ಮೇಲೆ ಹಣೆಗೆ, ಕಿವಿ ಹಿಂದಕ್ಕೆ ಎಲೆಕ್ಟ್ರೋಡ್ ಅಂಟಿಸಿ ಬೇರಾ ಟೆಸ್ಟ್, ಅಂದ್ರೆ ಶಬ್ದಕ್ಕೆ ನರ, ಮಿದುಳಿನ ಕಾಂಡ ಸ್ಪಂದಿಸ್ತಿವೆಯಾ ಅಂತ ನೋಡೋ ಟೆಸ್ಟ್ ಮಾಡಿದ್ವಿ, ಕಿವಿಗೆ ಟಿಕ್ ಟಿಕ್ ಅಂತ ಶಬ್ದ ಕೊಟ್ರೆ ಮೊದಲ 10 ಮಿಲಿಸೆಕೆಂಡಲ್ಲಿ ಸ್ಕ್ರೀನ್ ಮೇಲೆ ಅಲೆ ಏಳಬೇಕು. ಎಷ್ಟು ಜೋರು ಮಾಡಿದ್ರೂ ಏಳಲಿಲ್ಲ.

ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ ಆಯ್ತು. ಅದು ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸೋ ಸಾಧನ, ಕೂದಲುಕೋಶಗಳನ್ನ ಬಿಟ್ಟು ನೇರವಾಗಿ ನರಕ್ಕೇ ಕರೆಂಟ್ ಕೊಡತ್ತೆ. ಸ್ವಿಚ್ ಆನ್ ಮಾಡಿದ ದಿನ ಹುಡುಗ ಅಮ್ಮನ ಸೆರಗು ಹಿಡ್ಕೊಂಡು ಜೋರಾಗಿ ಅತ್ತ, 'ನೋಯ್ತಿದೆಯಾ ಡಾಕ್ಟ್ರೇ' ಅಂತ ಅವರೂ ಅತ್ರು. ನೋವಲ್ಲಮ್ಮ, ಶಬ್ದ ಗೊತ್ತಾಗ್ತಿರೋದೇ ಇದು ಮೊದಲ್ನೇ ಸಲ ಅಂದೆ. ಮಾತು ಮರುದಿನವೇ ಬರಲ್ಲ, ತಿಂಗಳುಗಟ್ಟಲೆ ಟ್ರೇನಿಂಗ್ ಬೇಕು. ಒಂದಿನ ಫೋನ್ ಬಂತು, 'ಕುಕ್ಕರ್ ಕೂಗಿದ್ ತಕ್ಷಣ ಅಡುಗೆಮನೆ ಕಡೆ ಕೈ ತೋರಿಸ್ದ' ಅಂತ.

ಇದೇ ಇಂಪ್ಲಾಂಟ್, ಇದೇ ಆಪರೇಷನ್ ಏಳು ವರ್ಷ ದಾಟಿದ ಮೇಲೆ ಮಾಡಿದ್ರೆ, ಹುಟ್ಟಿನಿಂದ ಏನೂ ಕೇಳದ ಮಗುಗೆ ಮಾತು ಕಲಿಯೋದು ಬಹಳ ಕಷ್ಟ. ಮೂರೂವರೆ ವರ್ಷದೊಳಗೆ ಆದ್ರೆ ಒಳ್ಳೇದು. ಯಾಕೆ? ಏಳು ವರ್ಷ ದಾಟೋಷ್ಟೊತ್ತಿಗೆ ಶಬ್ದಕ್ಕೆ ಅಂತ ಇದ್ದ ಜಾಗನ ಮಿದುಳು ಕಣ್ಣಿನ ಕೆಲಸಕ್ಕೆ ಬಳಸ್ಕೊಳ್ಳೋಕೆ ಶುರು ಮಾಡಿರತ್ತೆ, ಥಾಲಮಸ್ ದಾಟಿ ಶಬ್ದ ಬಂದ್ರೂ ಅದನ್ನ ಅರ್ಥ ಮಾಡ್ಕೊಳ್ಳೋ ಜಾಗ ತಯಾರಿರಲ್ಲ. ಹಾಗಾಗಿ ಮತ್ತೆ ಹೇಳ್ತೀನಿ, ತಿಂಗಳೊಳಗೆ ಮೊದಲ ಟೆಸ್ಟ್, ಡೌಟ್ ಇದ್ರೆ ಮೂರು ತಿಂಗಳೊಳಗೆ ಪೂರ್ತಿ ಟೆಸ್ಟ್, ಆರು ತಿಂಗಳೊಳಗೆ ಚಿಕಿತ್ಸೆ ಶುರು.

ಸಮಯ ಆಯ್ತು ಅಂತ ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದಾರೆ. ಕಾರ್ಟೆಕ್ಸ್‌ನಿಂದ ಥಾಲಮಸ್‌ಗೆ ವಾಪಸ್ ಬರೋ ತಂತುಗಳು ಹೋಗೋವಕ್ಕಿಂತ ಎಷ್ಟೋ ಜಾಸ್ತಿ, ಯಾವ ಶಬ್ದಕ್ಕೆ ಗಮನ ಕೊಡ್ಬೇಕು ಅಂತ ಮಿದುಳೇ ಕೆಳಗೆ ಹೇಳಿ ಕಳಿಸತ್ತೆ, ಅದನ್ನ ಇನ್ನೊಂದ್ಸಲ ಮಾತಾಡೋಣ. ದುಡ್ಡಿಲ್ಲ ಅಂತ ಕೂರಬೇಡಿ, ಇಂಪ್ಲಾಂಟ್‌ಗೆ ಕೇಂದ್ರ ಸರ್ಕಾರದ ಅಡಿಪ್ ಸ್ಕೀಮ್ ಇದೆ, ಮೈಸೂರು ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆ, ಹೋಗಿ ಕೇಳಿ. ಮತ್ತೆ ಅಜ್ಜಿಯರೇ, ಬೇರಾ ಟೆಸ್ಟ್‌ಗೆ ಬರೋ ದಿನ ಮಗು ತಲೆಗೆ ಎಣ್ಣೆ ಹಚ್ಬೇಡಿ, ಎಲೆಕ್ಟ್ರೋಡ್ ಅಂಟಲ್ಲ, ದಾರಿಯಲ್ಲಿ ನಿದ್ದೆ ಮಾಡೋಕೂ ಬಿಡ್ಬೇಡಿ, ಆಸ್ಪತ್ರೆಗೆ ಬಂದೇ ಮಲಗಲಿ. ನಮಸ್ಕಾರ.