ಎಮ್ಯುಲೇಟರ್‌ನಲ್ಲಿ ಕಲಿತ ಪ್ಯಾರಿಯೂ ಪ್ಯಾರಿಯೇ

ನಮಸ್ಕಾರ. ಫೈಟಿಂಗ್ ಗೇಮ್ ಆಡುವವರ ನಡುವೆ ಒಂದು ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಗೇಮ್ ಮೆಷಿನ್ನನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್‌ನಲ್ಲಿ, ಎಷ್ಟು ಪ್ರಾಕ್ಟೀಸ್ ಮಾಡಿದರೂ ಒರಿಜಿನಲ್ ಮೆಷಿನ್ ಮುಂದೆ ಕೂತಾಗ ಅದು ಕೈಹಿಡಿಯಲ್ಲ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್ ಇಟ್ಟುಕೊಂಡೇ ಹೇಳುತ್ತೇನೆ.

1999ರ ಗೇಮ್ ಇದು. ಕ್ಯಾಪ್‌ಕಾಮ್ ಕಂಪನಿಯ ಸಿಪಿಎಸ್-3 ಬೋರ್ಡ್ ಮೇಲೆ ಬಂತು, ಅಂದರೆ ಆರ್ಕೇಡ್‌ನ (ಕಾಸು ಹಾಕಿ ಆಡುವ ಗೇಮ್ ಅಂಗಡಿ) ಮೆಷಿನ್ ಒಳಗಿನ ಸರ್ಕ್ಯೂಟ್ ಬೋರ್ಡ್. ಇದರ ಜೀವಾಳ ಪ್ಯಾರಿ, ಅಂದರೆ ಜೀವ ಕಳೆದುಕೊಳ್ಳದೆ ಏಟನ್ನು ತಳ್ಳಿಹಾಕುವುದು. ಎದುರಾಳಿಯ ಏಟು ತಾಗುವ ಹೊತ್ತಿಗೆ ಸರಿಯಾಗಿ ಸ್ಟಿಕ್ಕನ್ನು ಅವನ ಕಡೆಗೇ ಒಮ್ಮೆ ತಟ್ಟಬೇಕು. ಸಿಗುವ ಸಮಯ ಸುಮಾರು 10 ಫ್ರೇಮ್ (ತೆರೆ ಮೇಲೆ ಒಂದರ ಹಿಂದೊಂದು ಬರುವ ಚಿತ್ರ), ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಫೈಟಿಂಗ್ ಗೇಮ್‌ಗಳ ದೊಡ್ಡ ಟೂರ್ನಿ ಇವೋದಲ್ಲಿ 2004ರಲ್ಲಿ ಜಪಾನಿನ ಆಟಗಾರ ದೈಗೊ ಉಮೆಹಾರಾ ಮಾಡಿದ್ದು ಇದನ್ನೇ. ಅವರು ಆಡುತ್ತಿದ್ದ ಪಾತ್ರ ಕೆನ್‌ಗೆ ಉಳಿದಿದ್ದು ಕೂದಲೆಳೆಯಷ್ಟು ಜೀವ. ಬ್ಲಾಕ್ ಮಾಡಿದರೂ, ಅಂದರೆ ಏಟನ್ನು ತಡೆದರೂ, ಸ್ವಲ್ಪ ಜೀವ ಹೋಗಿ ಸಾಯುವ ಸ್ಥಿತಿ. ಎದುರಾಳಿ ಜಸ್ಟಿನ್ ವಾಂಗ್ ಅವರ ಪಾತ್ರ ಚುನ್-ಲಿ ತನ್ನ ಸೂಪರ್ (ವಿಶೇಷ ಏಟುಗಳ ಸರಣಿ) ಬಿಟ್ಟಳು. 15 ಏಟು. ಅಷ್ಟನ್ನೂ ಪ್ಯಾರಿ ಮಾಡಿ, ತಿರುಗಿಸಿ ಹೊಡೆದು ದೈಗೊ ಗೆದ್ದರು.

ಇಲ್ಲೊಂದು ವಿಷಯ ಗಮನಿಸಿ. ಇವೋ ತನ್ನ ಎಲ್ಲ ಗೇಮ್‌ಗಳನ್ನೂ ಆರ್ಕೇಡ್‌ನಿಂದ ಕನ್ಸೋಲ್‌ಗೆ ಬದಲಿಸಿದ್ದು ಅದೇ ವರ್ಷ. ಆಗಲೂ ಇದೇ ತಕರಾರು ಎದ್ದಿತ್ತು. ಜಗತ್ತು ಇವತ್ತಿಗೂ ನೋಡುವ ಆ ಪ್ಯಾರಿ ಆಗಿದ್ದು ಒರಿಜಿನಲ್ ಬೋರ್ಡ್ ಮೇಲಲ್ಲ.

ಈಗ ಆ 15 ಏಟನ್ನು ನೀವು ಕಲಿಯಬೇಕು ಅಂದುಕೊಳ್ಳಿ. ಆರ್ಕೇಡ್ ಬೋರ್ಡ್‌ನಲ್ಲಿ ಟ್ರೈನಿಂಗ್ ಮೋಡ್ ಇಲ್ಲ. ಪಕ್ಕದಲ್ಲಿ ಒಬ್ಬ ಗೆಳೆಯ ಕೂರಬೇಕು. ಅವನು ಚುನ್-ಲಿ ತಗೊಂಡು, ಸೂಪರ್‌ಗೆ ಬೇಕಾದ ಮೀಟರ್ ತುಂಬಿಸಿ, ಅದನ್ನು ಬಿಡಬೇಕು. ನಿಮಗೆ ಮೂರನೇ ಏಟಿಗೇ ತಪ್ಪಿತು. ಮತ್ತೆ ಮೀಟರ್ ತುಂಬುವ ತನಕ ಕಾಯಬೇಕು, ಅಷ್ಟರಲ್ಲಿ ರೌಂಡೇ ಮುಗಿದಿರುತ್ತದೆ. ಎಮ್ಯುಲೇಟರ್‌ನಲ್ಲಾದರೆ ಅವಳ ಸೂಪರ್ ರೆಕಾರ್ಡ್ ಮಾಡಿ, ಅದಕ್ಕೆ ಸ್ವಲ್ಪ ಮುಂಚಿನ ಜಾಗದಲ್ಲಿ ಒಂದು ಸೇವ್ ಸ್ಟೇಟ್, ಅಂದರೆ ಆ ಕ್ಷಣದ ಆಟವನ್ನು ಹಾಗೇ ಉಳಿಸಿದ ಪ್ರತಿ, ಇಟ್ಟರಾಯಿತು. ತಪ್ಪಿತಾ? ಒಂದು ಕೀ ಒತ್ತಿ, ಮತ್ತೆ ಅಲ್ಲಿಗೇ. ಬೋರ್ಡ್ ಮುಂದೆ ಒಂದು ವಾರದಲ್ಲಿ ಸಿಗದಷ್ಟು ಅವಕಾಶ ಒಂದೇ ಸಂಜೆಯಲ್ಲಿ ಸಿಗುತ್ತದೆ.

ಇನ್ನು ಬೋರ್ಡ್ ಸಿಗುವುದಾದರೂ ಎಲ್ಲಿ? ಸಿಪಿಎಸ್-3ರ ಕಾರ್ಟ್ರಿಜ್ ಒಳಗೊಂದು ಬ್ಯಾಟರಿ ಇದೆ. ಅದು ಸತ್ತರೆ ಗೇಮ್ ಆನ್ ಆಗುವುದೇ ಇಲ್ಲ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೂತ ಹುಡುಗನಿಗೆ "ಬೋರ್ಡ್ ಮೇಲೇ ಕಲಿ" ಅನ್ನುವುದು, ಸುಮ್ನೆ "ಆಡಬೇಡ" ಅಂದ ಹಾಗೆ. ಅಷ್ಟಕ್ಕೂ 2018ರಲ್ಲಿ ಕ್ಯಾಪ್‌ಕಾಮ್ ಹೊರತಂದ 30ನೇ ವರ್ಷದ ಕಲೆಕ್ಷನ್ ಓಡುವುದೂ ಎಮ್ಯುಲೇಶನ್ ಮೇಲೆಯೇ.

ಹಾಗಂತ ಕೈ ತಪ್ಪುತ್ತದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ತಪ್ಪುತ್ತದೆ. ಆದರೆ ಕಾರಣ ಬಹಳ ಸಲ ಬೇರೆ ಕಡೆ ಇರುತ್ತದೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಹಳೆಯ ಡಬ್ಬಾ ಟಿವಿ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುತ್ತದೆ. ಈಗಿನ ಟಿವಿ ಅದನ್ನು ಚೆಂದ ಮಾಡಲು ಹೋಗಿ ಹಲವು ಫ್ರೇಮ್ ತಡ ಮಾಡುತ್ತದೆ. ಆ ತಡ ಕಡಿಮೆ ಮಾಡುವ ಟಿವಿಯ ಗೇಮ್ ಮೋಡ್ ಹಾಕದೆ ಆಡುತ್ತಾರೆ, ಬೈಗುಳ ಮಾತ್ರ ಎಮ್ಯುಲೇಟರ್‌ಗೆ! ಚಿತ್ರವನ್ನು ತೆರೆಯ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಸೆಟ್ಟಿಂಗ್ ಕೂಡ ತನ್ನ ಪಾಲಿನ ತಡ ಸೇರಿಸುತ್ತದೆ.

ಇದರ ಉಲ್ಟಾ ಅಪಾಯವೂ ಇದೆ, ಅದರ ಬಗ್ಗೆ ಜನ ಮಾತಾಡುವುದು ಕಡಿಮೆ. ಎಮ್ಯುಲೇಟರ್‌ಗಳನ್ನು ಓಡಿಸುವ ರೆಟ್ರೋಆರ್ಚ್ ಸಾಫ್ಟ್‌ವೇರ್‌ನಲ್ಲಿ ರನ್-ಅಹೆಡ್ ಅಂತ ಒಂದು ಸೌಲಭ್ಯವಿದೆ. ಗೇಮ್ ಒಳಗೇ ಇರುವ ತಡವನ್ನೂ ಅದು ಮರೆಮಾಡುತ್ತದೆ. ಒತ್ತಿದ್ದು ಒರಿಜಿನಲ್ ಬೋರ್ಡ್‌ಗಿಂತ ಬೇಗ ತೆರೆ ಮೇಲೆ ಬರುತ್ತದೆ. ಕೇಳಲು ಚೆಂದ ಅಲ್ವಾ? ಆದರೆ ನಿಮ್ಮ ಕೈ ತಡವಾಗಿ ತಟ್ಟುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಬೇರೆ ಮೆಷಿನ್ ಮುಂದೆ ಅದೇ ತಟ್ಟು ಹೊತ್ತು ಮೀರಿರುತ್ತದೆ. ಪ್ರಾಕ್ಟೀಸ್ ಮಾಡುವಾಗ ಅದನ್ನು ಆಫ್ ಮಾಡಿ.

ತಡ ಎಷ್ಟಿದೆ ಅಂತ ಅಳೆಯುವುದು ಸುಲಭ. ಫೋನ್‌ನಲ್ಲಿ 240 ಎಫ್‌ಪಿಎಸ್ (ಸೆಕೆಂಡಿಗೆ 240 ಚಿತ್ರ) ಸ್ಲೋ ಮೋಷನ್ ಇಡಿ. ಬಟನ್ ಮತ್ತು ತೆರೆ ಎರಡೂ ಕಾಣುವಂತೆ ಹಿಡಿದು, ಒಂದು ಪಂಚ್ ಒತ್ತಿ. ಬೆರಳು ಬಟನ್ ತಳ ಮುಟ್ಟಿದಾಗಿನಿಂದ ಕೆನ್‌ನ ಕೈ ಅಲ್ಲಾಡುವ ತನಕ ಎಣಿಸಿ. ವಿಡಿಯೋದ ನಾಲ್ಕು ಚಿತ್ರಕ್ಕೆ ಗೇಮಿನ ಒಂದು ಫ್ರೇಮ್. ಹತ್ತಾರು ಸಲ ತೆಗೆದು ಸರಾಸರಿ ನೋಡಿ.

ಸೇವ್ ಸ್ಟೇಟ್‌ನದೂ ಒಂದು ಬಲೆ ಇದೆ. ಅದೇ ಜಾಗ, ಅದೇ ದೂರ, ಅದೇ ಹೊತ್ತು. ಕೈಗೆ ಬಾಯಿಪಾಠ ಆಗುತ್ತದೆ, ಕಣ್ಣು ಮಲಗಿಬಿಡುತ್ತದೆ. ಚುನ್-ಲಿ ಒಮ್ಮೆ ಸೂಪರ್ ಬಿಡಲಿ, ಒಮ್ಮೆ ಥ್ರೋ ಮಾಡಲಿ, ಒಮ್ಮೆ ಸುಮ್ಮನೆ ನಿಲ್ಲಲಿ. ನಾಲ್ಕೈದು ರೆಕಾರ್ಡಿಂಗ್ ಇಟ್ಟು, ಯಾವುದು ಬರುತ್ತದೆ ಅಂತ ಗೊತ್ತಾಗದ ಹಾಗೆ ಓಡಿಸಿ. ಆಗ ಅದು ಮ್ಯಾಚ್‌ಗೆ ಹತ್ತಿರವಾಗುತ್ತದೆ.

ಟೂರ್ನಿ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಯಾವ ಆವೃತ್ತಿ, ಯಾವ ಮಾನಿಟರ್, ಎಮ್ಯುಲೇಟರ್ ಆದರೆ ಯಾವ ಸೆಟ್ಟಿಂಗ್ ಅನ್ನುವುದನ್ನು ಹೆಸರು ನೋಂದಾಯಿಸುವ ದಿನವೇ ತಿಳಿಸಿ. ದೂರದ ಊರಿಂದ ಬರುವ ಆಟಗಾರ ಮನೆಯಲ್ಲೇ ಅದಕ್ಕೆ ಸರಿಯಾಗಿ ಸೆಟಪ್ ಮಾಡಿಕೊಂಡು ಬರುತ್ತಾನೆ. ಬಂದವರಿಗೆಲ್ಲ ಮೊದಲ ಮ್ಯಾಚ್‌ಗೆ ಮುಂಚೆ ಆ ಸೆಟಪ್ ಮೇಲೆ ಹತ್ತು ನಿಮಿಷ ಕೈ ಆಡಿಸಲು ಬಿಡಿ.