ಚಿರಾಪುಂಜಿಯಲ್ಲಿ ಅರ್ಧ ಬಕೆಟ್ ನೀರು

ಇದು ಸೋಹ್ರಾ. ನಾವು ಶಾಲೆಯಲ್ಲಿ ಚಿರಾಪುಂಜಿ ಅಂತ ಓದಿದ ಊರು. ಮೇಘಾಲಯದ ಖಾಸಿ ಜನ ಸೋಹ್ರಾ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಶಿಲ್ಲಾಂಗ್‌ನಿಂದ ಷೇರ್ ಸುಮೋದಲ್ಲಿ ಬಂದೆ. ದಾರಿ ನೀವೇ ಈ ವಿಡಿಯೊದಲ್ಲಿ ನೋಡುತ್ತಿದ್ದೀರಲ್ಲ.

ಈ ಬಕೆಟ್ ಬಗ್ಗೆ ಮಾತ್ರ ಹೇಳಲೇಬೇಕು. ಫೆಬ್ರವರಿ ಬೆಳಿಗ್ಗೆ, ನಲ್ಲಿ ತಿರುಗಿಸಿದರೆ ನೀರಿಲ್ಲ. ನಾನು ಉಳಿದುಕೊಂಡ ಮನೆಯ ಕಾಂಗ್, ಅಂದರೆ ಅಕ್ಕ, ಅರ್ಧ ಬಕೆಟ್ ಬಿಸಿನೀರು ತಂದಿಟ್ಟು "ಇಷ್ಟರಲ್ಲೇ ಮುಗಿಸಿಕೊಳ್ಳಮ್ಮ" ಎಂದರು. ನನಗೆ ಸಿಟ್ಟೇ ಬಂತು. ವರ್ಷಕ್ಕೆ 11,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರು! 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26,000 ಮಿ.ಮೀ. ದಾಟಿತ್ತು. ಅಲ್ಲಿ ಮೈ ತೊಳೆಯಲು ನೀರಿಲ್ಲ ಅಂದರೆ ಹೇಗೆ?

ಆಮೇಲೆ ಅವರ ಹಿಂದೆಯೇ ಒರತೆಗೆ ಹೋದೆ. ಬಂಡೆ ಸಂದಿಯಿಂದ ನೂಲಿನಂತೆ ಇಳಿಯುತ್ತಿದೆ, ನೋಡಿ. ಒಂದು ಕೊಡ ತುಂಬಲು ಹನ್ನೊಂದು ನಿಮಿಷ. ನಮ್ಮ ಮುಂದೆ ಏಳು ಜನ. ಆ ಅಜ್ಜಿ ಹಣೆಗೆ ಪಟ್ಟಿ ಕೊಟ್ಟು, ಬೆನ್ನ ಮೇಲಿನ ಬುಟ್ಟಿಯಲ್ಲಿ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾರೆ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಬೆಳಿಗ್ಗೆ ನಾನು ಸುರಿದುಕೊಂಡದ್ದು ಈ ನೀರನ್ನೇ.

ಮಳೆ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾಡು ಕಡಿದಾಗಿದೆ, ಮಣ್ಣು ಕೊಚ್ಚಿ ಹೋಗಿ ಬಂಡೆ ಎದ್ದಿದೆ. ನೀರು ನಿಲ್ಲುವುದೆಲ್ಲಿ? ಆ ಮಂಜಿನಾಚೆ ಕಾಣುವ ಬಯಲು ಬಾಂಗ್ಲಾದೇಶ, ಎಲ್ಲ ಅಲ್ಲಿಗೆ ಇಳಿಯುತ್ತದೆ. ನನ್ನೂರು ತೀರ್ಥಹಳ್ಳಿ ಕಡೆ. ಆಗುಂಬೆ ದಕ್ಷಿಣದ ಚಿರಾಪುಂಜಿ ಅಂತ ಹೆಮ್ಮೆಪಡುತ್ತಾ ಬೆಳೆದವರು ನಾವು. ಏಪ್ರಿಲ್‌ನಲ್ಲಿ ನಮ್ಮ ಬಾವಿಯ ತಳವೂ ಕಾಣುತ್ತದೆ. ಅಮ್ಮ ಪಾತ್ರೆ ತೊಳೆದ ನೀರನ್ನೂ ಮಲ್ಲಿಗೆ ಗಿಡಕ್ಕೆ ಹಾಕುತ್ತಾರೆ.

ಕಾಂಗ್ ನನ್ನ ಕೈಗೆ ಕೊಡುತ್ತಿರುವುದು ಕ್ವಾಯ್. ಹಸಿ ಅಡಿಕೆ, ವೀಳ್ಯದೆಲೆ, ಸುಣ್ಣ. ಮನೆಗೆ ಬಂದವರಿಗೆ ಮೊದಲು ಇದೇ. ಹಿಂದೆ ದಾರಿಯ ದೂರವನ್ನೂ ಇಷ್ಟು ಕ್ವಾಯ್ ಅಗಿಯುವಷ್ಟು ಅಂತ ಅಳೆಯುತ್ತಿದ್ದರಂತೆ. ಅಡಿಕೆ ಬೇಯಿಸಿ ಒಣಗಿಸಿದರೇನೇ ರುಚಿ ಅಂತ ನಿನ್ನೆ ವಾದ ಮಾಡಿದ್ದೆ. ಇವತ್ತು ಆ ಮಾತು ವಾಪಸ್, ಚಳಿಗೆ ಇದೇ ಸರಿ, ಮೈ ಬೆಚ್ಚಗಾಗುತ್ತದೆ.

ಕಾಂಗ್ ಈ ಮನೆಯ ಕಿರಿಯ ಮಗಳು. ಖಾಸಿಗಳಲ್ಲಿ ತಾಯಿಯ ಮನೆ ಕಿರಿಯ ಮಗಳಿಗೆ, ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಹೊಣೆಯೂ ಅವಳಿಗೇ. ಇದೇ ಸರಿಯಾದ ಪದ್ಧತಿ ಅಂತ ಮೊದಲ ದಿನ ಕುಣಿದಿದ್ದೆ. ಆದರೆ ಮನೆಯಲ್ಲಿ ಸೋದರಮಾವನ ಮಾತು ನಡೆಯುತ್ತದೆ. ಊರಿನ ಸಭೆಯಾದ ದರ್ಬಾರ್‌ನಲ್ಲಿ ಕೂರುವುದು ಗಂಡಸರ ಹಕ್ಕು ಅಂತಲೇ ನಡೆದುಬಂದಿದೆ. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಇದು ಹೊಸದಲ್ಲ, ಅಲ್ವಾ? ನೀರು ಹೊರುವ ಸಾಲಿನಲ್ಲಿ ಮಾತ್ರ ಇವತ್ತು ಎಲ್ಲರೂ ಹೆಂಗಸರೇ. ಅದು ನನಗೆ ಸರಿ ಕಾಣಲಿಲ್ಲ, ಇನ್ನೂ...

ಕಾಂಗ್ ಕರೆದದ್ದು ಕೇಳಿಸಿತಲ್ಲ? ನಮ್ಮ ಕೊಡ ತುಂಬಿತ್ತು. ಮೆಟ್ಟಿಲು ಜಾರುತ್ತಿತ್ತು, ಎರಡೂ ಕೈ ಬೇಕಿತ್ತು. ಅದಕ್ಕೇ ಕ್ಯಾಮೆರಾ ಇಲ್ಲಿಗೆ ಆಫ್ ಮಾಡಿದೆ.